ಮೂಳೆ ಪಾಠಕ್ಕೆ ತ್ರೀಡಿ ಮಾಡೆಲ್: ಮಾಡಿದವರು ಅನುಭವ ಹೇಳಿ

ಕೊಪ್ಪಳ ನರ್ಸಿಂಗ್ ಟೀಚರ್: ಮೊದಲ ವರ್ಷದವರಿಗೆ ಅನಾಟಮಿ ಹೇಳಿಕೊಡುತ್ತೇನೆ. 60 ಮಕ್ಕಳಿಗೆ ಒಂದೇ ಮೂಳೆ ಸೆಟ್. ಮೊಬೈಲಿನಲ್ಲಿ ತಿರುಗಿಸಿ, ಮುಟ್ಟಿದರೆ ಹೆಸರು ಬರುವಂಥದ್ದು ಬೇಕು. ನಾನೇ ಮಾಡಲಾ, ಮಾಡಿಸಲಾ? ಕೈಯಲ್ಲಿರುವುದು 15 ಸಾವಿರ.

ರಾಯಚೂರು ಟ್ಯೂಟರ್: ಮೇಡಂ, ನಾನು ಒಂದು ಸ್ಕ್ಯಾಪುಲಾಕ್ಕೆ, ಅಂದರೆ ಹೆಗಲ ಹಲಗೆ ಮೂಳೆಗೆ, ಒಂದೂವರೆ ತಿಂಗಳು ಕಳೆದವನು. ಫೋಟೊಗ್ರಾಮೆಟ್ರಿ, ಅಂದರೆ ಸುತ್ತಲಿಂದ ತೆಗೆದ ಫೋಟೊ ಜೋಡಿಸಿ ತ್ರೀಡಿ ಮಾಡುವುದು. ಮೊದಲು 140 ಫೋಟೊ ತೆಗೆದೆ, ಮೂಳೆಗೆ ವಾರ್ನಿಶ್ ಹೊಡೆದಿದ್ದರು, ಆ ಹೊಳಪಿಗೆ ಮಾಡೆಲ್ ತುಂಬಾ ತೂತು. ಪೌಡರ್ ಬಳಿದು ಮತ್ತೆ 210. ತಿರುಗುವ ಸ್ಟ್ಯಾಂಡ್ 650, ಎರಡು ದೀಪ 1,800, ರ‍್ಯಾಮ್ ಹೆಚ್ಚಿಸಲು 3,200. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಲ್ಯಾಪ್‌ಟಾಪ್ ರಾತ್ರಿಯೇ ಓಡಬೇಕು. ಒಂದು ರಾತ್ರಿ ಕರೆಂಟ್ ಹೋಗಿ ಒಂಬತ್ತು ಗಂಟೆಯ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು. ಕೊನೆಗೆ 18 ಲಕ್ಷ ಪುಟ್ಟ ತ್ರಿಕೋನ ಸೇರಿದ ಮಾಡೆಲ್ ಬಂತು, ಅಷ್ಟು ಭಾರಕ್ಕೆ ಮಕ್ಕಳ ಫೋನಲ್ಲಿ ತೆರೆಯಲೇ ಇಲ್ಲ. 60 ಸಾವಿರ ತ್ರಿಕೋನಕ್ಕೆ ಇಳಿಸಿದೆ. ಆದರೂ ನನ್ನ ಮೂಳೆ ನನ್ನದೇ.

ಬಳ್ಳಾರಿ ಫಿಸಿಯೋ: ಇಷ್ಟೆಲ್ಲ ಯಾಕ್ರೀ? ದೇಹದ ಭಾಗಗಳ ಮಾಡೆಲ್ ಸಿಗುವ ಜಪಾನಿನ ಬಾಡಿಪಾರ್ಟ್ಸ್ ತ್ರೀಡಿ ಪುಕ್ಕಟೆ ಇದೆ, ಅದನ್ನು ತಿದ್ದುವ ಬ್ಲೆಂಡರ್ ಸಾಫ್ಟ್‌ವೇರ್ ಕೂಡ ಪುಕ್ಕಟೆ. ನನಗೆ ಖರ್ಚು ಸೊನ್ನೆ. ಪೆಟ್ಟು ಬಿದ್ದಿದ್ದು ಬೇರೆ ಕಡೆ. ಎಡ ಹ್ಯೂಮರಸ್ (ಮೇಲ್ತೋಳಿನ ಮೂಳೆ) ಬೇಕು ಅಂತ ಬಲದ್ದನ್ನು ಕನ್ನಡಿಯಂತೆ ಮಿರರ್ ಮಾಡಿದೆ, ಲೇಬಲ್ ಬದಲಿಸಲು ಮರೆತೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಸೈಡ್ ಕೇಳಿದರೆ ಏಳು ಜನ ಎಡವನ್ನು ಬಲ ಅಂದರು! ಕನ್ನಡ ಲೇಬಲ್ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದವು. ಒಂದೊಂದು ಹೆಸರನ್ನೂ ಚಿತ್ರ ಮಾಡಿ ಅಂಟಿಸಿದೆ.

ರಾಯಚೂರು ಟ್ಯೂಟರ್: ಪುಕ್ಕಟೆ ಸರಿ, ಮೂಲದವರ ಹೆಸರು ಹಾಕಿದ್ದೀರಾ? ಅದು ಗಂಡಸಿನ ಎಂಆರ್‌ಐ ಮೇಲೆ ಕಟ್ಟಿದ್ದು. ನರ್ಸಿಂಗ್ ಮಕ್ಕಳಿಗೆ ಹೆರಿಗೆಯ ಪೆಲ್ವಿಸ್ (ಸೊಂಟದ ಮೂಳೆಗೂಡು) ಅದರಲ್ಲಿ ತೋರಿಸುತ್ತೀರಾ?

ಬಳ್ಳಾರಿ ಫಿಸಿಯೋ: ಹೆಸರು ಹಾಕಿದ್ದೇನೆ, ಕಣ್ಣು ಬಿಟ್ಟು ನೋಡಿ. ನಿಮ್ಮದು ಒಂದೂವರೆ ತಿಂಗಳಿಗೆ ಒಂದು ಮೂಳೆ. ಮೈಯ 206 ಮೂಳೆ ಮುಗಿಯುವಷ್ಟರಲ್ಲಿ ರಿಟೈರ್ ಆಗಿರುತ್ತೀರಿ.

ಸಿಂಧನೂರು ಅಕ್ಕ: ಜಗಳ ಸಾಕು, ನನ್ನದು ಕೇಳಿ. ನಾನು ಮಾಡಿಸಿದೆ. ಅಡ್ವಾನ್ಸ್ 12 ಸಾವಿರ ತಗೊಂಡ ಹುಡುಗ ಮೂರು ತಿಂಗಳಾದ ಮೇಲೆ ಮಣಿಕಟ್ಟು ಕಳಿಸಿದ. ಎಂಟಿರಬೇಕಾದಲ್ಲಿ ಎಣಿಸಿದರೆ ಏಳೇ ಮೂಳೆ, ಪಿಸಿಫಾರ್ಮ್ ಅನ್ನುವ ಪುಟ್ಟ ಮೂಳೆ ಮಾಯ. ಎಂಟನೆಯದಕ್ಕೆ 1,500 ಜಾಸ್ತಿ ಕೊಡಿ ಅಂದ. ಬಿಟ್ಟೆ. ಈಗ ಮುಟ್ಟಿ ಕಲಿಯುವ ಪಾಠ ಮಾಡುವ ಸಾಧನ ಎಚ್‌ಫೈವ್‌ಪಿಯಲ್ಲಿ ಬರೀ ಫೋಟೊ, ಮೇಲೆ ಮುಟ್ಟುವ ಚುಕ್ಕೆ. ಹಳೇ ಫೋನಲ್ಲೂ ಓಡುತ್ತದೆ.

ರಾಯಚೂರು ಟ್ಯೂಟರ್: ತಿರುಗಿಸಲು ಬಾರದ ಮೂಳೆ ಚಾರ್ಟ್ ಅಷ್ಟೇ ಅಲ್ವಾ?

ಸಿಂಧನೂರು ಅಕ್ಕ: ಚಾರ್ಟ್ ನೋಡಿಯೇ ನೀವೂ ಪಾಸಾಗಿದ್ದು ತಮ್ಮಾ.

ಕೊಪ್ಪಳ ನರ್ಸಿಂಗ್ ಟೀಚರ್: ಅದೆಲ್ಲ ಇರಲಿ, ಆ ಪೌಡರ್ ಯಾವುದು?

ರಾಯಚೂರು ಟ್ಯೂಟರ್: ಮಕ್ಕಳಿಗೆ ಹಚ್ಚುವುದು. ತೆಳುವಾಗಿ ಬಳಿಯಿರಿ ಮೇಡಂ. ನಮ್ಮ ಡಿಪಾರ್ಟ್‌ಮೆಂಟಿನ ಸ್ಕ್ಯಾಪುಲಾ ಇನ್ನೂ ಘಮ ಅನ್ನುತ್ತಿದೆ.