ಡೊಂಬಿವಲಿ ಮನೆ ರಿಪೇರಿ: ಆರೂವರೆ ಲಕ್ಷವೋ, ಹನ್ನೊಂದೋ?

ಡೊಂಬಿವಲಿಯಿಂದ:
ನಮಸ್ಕಾರ. ನಮ್ಮದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ 1993ರ ಬಿಲ್ಡಿಂಗು, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಕಾರ್ಪೆಟ್ ಏರಿಯಾ, ಅಂದರೆ ಗೋಡೆ ಬಿಟ್ಟು ಒಳಗಿನ ಜಾಗ, 540 ಚದರಡಿ. ಎರಡು ಬಾತ್‌ರೂಮು, ಅಡುಗೆಮನೆ, ನೆಲ, ವೈರಿಂಗ್, ಪೇಂಟು ಎಲ್ಲಾ ಹೊಸದಾಗಿ ಮಾಡಿಸಬೇಕು. ಮರಗೆಲಸ ಅಡುಗೆಮನೆಗೆ, ಜೊತೆಗೆ ಎರಡು ಕಪಾಟು, ಅಷ್ಟೇ. ಒಬ್ಬ ಕಾಂಟ್ರ್ಯಾಕ್ಟರ್ ಆರೂವರೆ ಲಕ್ಷ ಅಂತಾನೆ, ಇನ್ನೊಬ್ಬ ಹನ್ನೊಂದು. ಇಬ್ಬರೂ ನೋಡಿದ್ದು ಇದೇ ಮನೆ! ಮಾಡಿಸಿ ಅನುಭವ ಇರುವವರು ಹೇಳಿ, ಯಾರನ್ನು ನಂಬಲಿ?

ಮುಲುಂಡ್‌ನಿಂದ:
ಯಾರನ್ನೂ ನಂಬಬೇಡಿ ಮಾರಾಯ್ರೆ, ಮೊದಲು ಟೇಪು ಹಿಡಿಯಿರಿ. ನಮಗೂ ಹೀಗೇ ಒಬ್ಬ ಅಗ್ಗದವ ಸಿಕ್ಕಿದ್ದ. ಅವನ ಚೀಟಿಯಲ್ಲಿ ಎರಡೂ ಬಾತ್‌ರೂಮು ಸೇರಿ ಟೈಲ್ಸ್ 200 ಚದರಡಿ ಅಂತ ಇತ್ತು. ಕಣ್ಣು ಮುಚ್ಚಿ ಸಹಿ ಹಾಕಿದೆ. ಲೆಕ್ಕ ಹಾಕಿದ್ದು ಆಮೇಲೆ. ಒಂದು ಬಾತ್‌ರೂಮು 7 ಅಡಿಗೆ 4 ಅಡಿ, ಸುತ್ತಳತೆ 22. ಏಳಡಿ ಎತ್ತರದವರೆಗೆ ಟೈಲ್ಸ್ ಅಂದರೆ 154. ಬಾಗಿಲಿನದ್ದು ಹದಿನೇಳು ಕಳೆದು ನೆಲದ 28 ಕೂಡಿಸಿದರೆ 165. ಕತ್ತರಿಸುವಾಗ ಹಾಳಾಗುವುದು ಹತ್ತು ಪರ್ಸೆಂಟ್ ಹಿಡಿದರೆ ಹತ್ತಿರ ಹತ್ತಿರ 180. ಎರಡಕ್ಕೆ 360! ಉಳಿದ 160 ಚದರಡಿ ಕೊನೆಯ ಬಿಲ್ಲಿನಲ್ಲಿ 'ಎಕ್ಸ್‌ಟ್ರಾ' ಆಗಿ ಬಂತು. ಟೈಲ್ಸಿನ ಹಣ ಬೇರೆ, ಮಜೂರಿ ಬೇರೆ, ಸಿಮೆಂಟು ಬೇರೆ.

ಇನ್ನು ಹಳೇ ಟೈಲ್ಸ್ ಮೇಲೆಯೇ ಹೊಸದು ಅಂಟಿಸ್ತೇನೆ ಅಂತ ಯಾರಾದರೂ ದರ ಇಳಿಸಿದರೆ ಬೇಡ ಅನ್ನಿ. ಮೂವತ್ತು ವರ್ಷದ ಜಿಐ (ಸತು ಲೇಪದ ಕಬ್ಬಿಣ) ಪೈಪು ಒಳಗೆ ಹೇಗುಂಟೋ ಯಾರಿಗೆ ಗೊತ್ತು. ಪೂರ್ತಿ ಒಡೆಸಿ, ಪೈಪು ಬದಲಿಸಿ, ವಾಟರ್‌ಪ್ರೂಫಿಂಗ್, ಮೇಲೆ ಕೋಬಾ ಅಂದರೆ ಇಟ್ಟಿಗೆ ಚೂರು-ಸಿಮೆಂಟಿನ ಪದರ, ಆಮೇಲೆ ನೀರು ನಿಲ್ಲಿಸಿ 48 ಗಂಟೆ ಕಾಯಬೇಕು. ನಾನು ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ಗೋಡೆಗೆ ಪೆನ್ಸಿಲ್ ಗೆರೆ ಎಳೆದಿದ್ದೆ. ಎರಡನೇ ದಿನ ನೀರು ಗೆರೆಗಿಂತ ಒಂದು ಬೆರಳು ಕೆಳಗೆ. "ಆವಿ ಆಗಿರ್ಬೇಕು ಸೇಠ್" ಅಂದ ಕೆಲಸದವ. ಮುಚ್ಚಿದ ಬಾತ್‌ರೂಮಿನಲ್ಲಿ ಒಂದು ಬೆರಳು ಆವಿ! ಕೆಳಗಿನ ಮನೆಗೆ ಹೋಗಿ ಅವರ ಸೀಲಿಂಗ್ ಮುಟ್ಟಿ ನೋಡಿದೆ, ಮೂಲೆಯಲ್ಲಿ ಪಸೆ. ಪೈಪು ಗೋಡೆಗೆ ಸೇರುವ ಜಾಗದಲ್ಲಿ ಮತ್ತೊಮ್ಮೆ ಮಾಡಿಸಿದೆ. ಟೈಲ್ಸ್ ಹಾಕಿದ ಮೇಲೆ ಗೊತ್ತಾಗಿದ್ದರೆ ಮುಗಿಯಿತು. ನಮ್ಮ ಸೊಸೈಟಿ ಬೈಲಾದಲ್ಲಿ ತಾರಸಿ ಸೋರಿದರೆ ಖರ್ಚು ಸೊಸೈಟಿಯದ್ದು, ಬಾತ್‌ರೂಮಿನಿಂದ ಸೋರಿದರೆ ಆ ಮನೆಯವರದ್ದೇ.

ಪುಣೆ ಕೊಥ್ರೂಡ್‌ನಿಂದ:
ಟೈಲ್ಸ್ ಮಾತು ಖರೇ ಐತಿ ಬಿಡ್ರಿ, ಆದ್ರ ರಾಬಿಟ್ ಬಗ್ಗೆ ಯಾರೂ ಮಾತಾಡವಲ್ರು. ಒಡದು ತಗದ ಕಲ್ಲು-ಮಣ್ಣಿಗೆ ಇಲ್ಲೆ ಹಂಗ ಅಂತಾರ. ಊರಾಗ ನಾವು ಚದರದ ಲೆಕ್ಕ ಹೇಳ್ತೀವಿ, ಇಲ್ಲೆ ಬ್ರಾಸ್. ನೆಲದ ಫರಸಿ ಕಲ್ಲಿಗೆ ಬ್ರಾಸ್ ಅಂದ್ರ 100 ಚದರಡಿ, ಉಸುಕು-ರಾಬಿಟ್‌ಗೆ ಬ್ರಾಸ್ ಅಂದ್ರ 100 ಘನ ಅಡಿ. ಹೊಸಬರು ಇದರಾಗ ಸಿಗಬೀಳ್ತಾರ. ನಿಮ್ಮ ನೆಲ ಒಂದು 400 ಚದರಡಿ ಒಡದ್ರಿ ಅಂತ ಇಟ್ಕೋರಿ. ಫರಸಿ, ಅದರ ಕೆಳಗಿನ ಬೆಡ್ಡು ಕೂಡಿ ಮೂರು ಇಂಚು. ಅಲ್ಲಿಗೆ ಒಂದು ಬ್ರಾಸ್. ಒಡದ ಮ್ಯಾಲ ಉಬ್ಬಿ ಒಂದೂವರಿ ಆಗತೈತಿ, ನೂರರ ಮ್ಯಾಲ ಚೀಲ. ಲಿಫ್ಟ್ ಬ್ಯಾರೆ ಇಲ್ಲ ಅಂತೀರಿ. ಒಂದೊಂದು ಚೀಲ ಹೆಗಲ ಮ್ಯಾಲ ಇಳೀಬೇಕು, ಉಸುಕು-ಸಿಮೆಂಟು ಹಂಗ ಹತ್ತಬೇಕು. ನಮ್ಮ ಮನಿಗೆ ಬಂದವರು ಕಲಬುರಗಿ ಕಡೆಯವರು. ಕನ್ನಡ ಮಾತಾಡಿದ್ದಕ್ಕ ಚಹಾ ಕುಡಿಯೂ ಮುಂದ ಹರಟಿ ಹೊಡದ್ರು, ದರ ಮಾತ್ರ ಒಂದ್ ರೂಪಾಯಿ ಬಿಡ್ಲಿಲ್ಲ. ಬಿಡಬಾರದು ಕೂಡ. ಅದಕ್ಕ ಚೌಕಾಶಿ ಮಾಡಬ್ಯಾಡ್ರಿ, ಎಸ್ಟಿಮೇಟಿನಾಗ ಬರಸ್ರಿ.

ಇನ್ನ ಪ್ಲೈವುಡ್ಡು. ಸಿಂಕಿನ ಕೆಳಗ ಐಎಸ್ 710 ಶಿಕ್ಕಾ ಇರೂದ ಬೇಕು, ಅಂದ್ರ ನೀರಾಗ ಕುದಿಸಿದ್ರೂ ಪದರ ಬಿಚ್ಚದ ಮರೀನ್ ಪ್ಲೈ. ನಮ್ಮ ಸುತಾರ (ಬಡಿಗ) ಹಂಗ ಬರದಿದ್ದ, ತಂದದ್ದು ಮಾತ್ರ ಯಾಕೋ ಹಗುರ ಅನಿಸ್ತು. ಕೊಯ್ದು ಉಳದ ತುಂಡು ಕುಕ್ಕರಿನಾಗ ಹಾಕಿ ಆರು ಸೀಟಿ ಹೊಡಸಿದೆ. ಮನಿಯಾಕಿ ಕುಕ್ಕರ್ ಹಾಳಾತು ಅಂತ ಬೈದ್ಲು. ತಗದು ನೋಡಿದ್ರ ಪದರ ಪದರ ಬಿಚ್ಚಿ ನಿಂತಿತ್ತು, ಉಬ್ಬಿದ ಪುರಿ ಹಂಗ. ಸುತಾರ ಬಂದ ಕೂಡ್ಲೆ ತಾಟಿನಾಗ ಇಟ್ಟು ಮುಂದ ಇಟ್ಟೆ. ಮಾತಿಲ್ಲ ಕಥಿಯಿಲ್ಲ, ಮರುದಿನ ಶೀಟು ಬದಲಾದ್ವು.

ಗೋವಾದ ವಾಸ್ಕೋದಿಂದ:
ನಮ್ಮದು ಫ್ಲ್ಯಾಟ್ ಅಲ್ಲ, ಚಿರೆಕಲ್ಲಿನ ಹಳೇ ಹಂಚಿನ ಮನೆ. ನಿಮಗೆ ಉಪಯೋಗಕ್ಕೆ ಬರೋದು ಒಂದೇ: ತಾರೀಖು. ಏಪ್ರಿಲ್ ಕೊನೆಗೆ ಹಂಚು ಇಳಿಸಿದ್ವಿ, ಹಳೇ ಅಳತೆಗೆ ಹೊಸ ಹಂಚು ಕೂರಲಿಲ್ಲ. ರೀಪೆಲ್ಲಾ ಕಿತ್ತು ಮತ್ತೆ ಹೊಡೆಸೋಷ್ಟರಲ್ಲಿ ಮಳೆ ಹಿಡೀತು. ಎರಡು ತಿಂಗಳಿಗೆ ಅಂತ ಬಾಡಿಗೆ ಮನೆಗೆ ಹೋದವರು ಐದು ತಿಂಗಳು ಇದ್ವಿ. ಆ ಬಾಡಿಗೆ ಯಾವ ಎಸ್ಟಿಮೇಟಿನಲ್ಲೂ ಇರಲ್ಲ.

ಠಾಣೆಯಿಂದ:
ಜಿಎಸ್‌ಟಿ ಸೇರಿಯೋ, ಬಿಟ್ಟೋ ಕೇಳಿದ್ರಾ? ನೋಂದಣಿ ಇರುವ ಕಾಂಟ್ರ್ಯಾಕ್ಟರ್ ಆದರೆ 18%. ಆರೂವರೆ ಲಕ್ಷಕ್ಕೆ 1.17 ಲಕ್ಷ ಅದೇ ಆಯ್ತು. ಸಿಮೆಂಟಿಗೆ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ, ಹಳೇ ರೇಟು ಹಿಡಿದು ಬರೆದಿದ್ದರೆ ಬಿಡಬೇಡಿ. ಗೀಸರ್, ಎಸಿ ಲೈನಿಗೆ ಎಷ್ಟು ದಪ್ಪದ ವೈರು ಅಂತ ಬರೆಸಿ. ನಮ್ಮಲ್ಲಿ 4 ಸ್ಕ್ವೇರ್ ಎಂಎಂ ಅಂತ ಮಾತಾಗಿ 2.5 ಎಳೀತಿದ್ದರು. ಕಡೆಗೆ ವೈರು, ಸ್ವಿಚ್ಚು ಮುಂಬೈಯ ಲೋಹಾರ್ ಚಾಳ್ ಮಾರ್ಕೆಟ್ಟಿಗೆ ಹೋಗಿ ನಾನೇ ತಂದೆ.
ಸೊಸೈಟಿಯ ಅರ್ಜಿ, ಡಿಪಾಸಿಟ್ ನಿಮಗೆ ಗೊತ್ತೇ ಇರುತ್ತೆ. ಮಧ್ಯಾಹ್ನ ಎರಡರಿಂದ ನಾಲ್ಕು ಸದ್ದು ಮಾಡಬಾರದು ಅಂತ ನಮ್ಮಲ್ಲಿ ರೂಲು. ದಿನಗೂಲಿಯವರು ಆ ಎರಡು ಗಂಟೆ ಮಲಗಿದರೂ ಲೆಕ್ಕ ಲೆಕ್ಕವೇ.

ಡೊಂಬಿವಲಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಇಬ್ಬರನ್ನೂ ಬೇರೆ ಬೇರೆ ಹೊತ್ತಿಗೆ ಕರೆಸಿ ಟೇಪು ಹಿಡಿಸಿದೆ. ಆರೂವರೆಯವನ ಚೀಟಿಯಲ್ಲಿ ರಾಬಿಟ್ ಇಲ್ಲ, ವಾಟರ್‌ಪ್ರೂಫಿಂಗ್ ಇಲ್ಲ, ಬಾತ್‌ರೂಮ್ ಟೈಲ್ಸ್ 220. ಎಲ್ಲಾ ಸೇರಿಸಿ ಬರೆಯಪ್ಪಾ ಅಂದೆ. ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕ: "ಸಾಹೇಬ್, ನಿಮಗೆ ಯಾರೋ ಹೇಳಿಕೊಟ್ಟಿದ್ದಾರೆ." 9.4 ಆಯ್ತು. ಹನ್ನೊಂದರವನು ನಾನು ಕೇಳದೇ ಇದ್ದ ಫಾಲ್ಸ್ ಸೀಲಿಂಗ್ ಸೇರಿಸಿದ್ದ. ಅದು ತೆಗೆದರೆ 9.9. ಈಗ ಉಳಿದದ್ದು ಅರ್ಧ ಲಕ್ಷದ ಅಂತರ. ಆದರೆ ಈ ಹನ್ನೊಂದರವನು ನಾನು ಕೇಳುವ ಮುಂಚೆಯೇ ನೀರು ನಿಲ್ಲಿಸೋ ಮಾತಾಡಿದ, ಮನಸ್ಸು ಅವನ ಕಡೆಗೇ ವಾಲ್ತಾ ಇದೆ.
ಇನ್ನೊಂದು. ಅಡುಗೆಮನೆ ಕಟ್ಟೆಯ ಗ್ರಾನೈಟು ಚೆನ್ನಾಗೇ ಇದೆ, ಅಮ್ಮ ಒಡೆಸಬೇಡ ಅಂತಾರೆ. ಕಟ್ಟೆ ಹಾಗೇ ಇಟ್ಟುಕೊಂಡವರು ಇದ್ದೀರಾ?

ಮುಲುಂಡ್‌ನಿಂದ:
ಅಮ್ಮ ಹೇಳಿದ ಹಾಗೆ ಮಾಡಿ. ಹೊಸ ಸಿಂಕು ತರುವ ಮುಂಚೆ ಹಳೇ ತೂತಿನ ಅಳತೆ ಮಾತ್ರ ಬರೆದುಕೊಂಡು ಹೋಗಿ. ನಮ್ಮದು ಒಂದಿಂಚು ಕಡಿಮೆ ಬಿತ್ತು, ಕೊರೆಯಲು ಹೋಗಿ ಇಡೀ ಕಲ್ಲೇ ಸೀಳಿತು.