ಚಿತ್ರದ ಮರಿಯಾನೆ ನೋಡಿ ಕ್ಲಾಸ್ ಸುಮ್ಮನಾಯಿತು. ನಾನು ಏನು ಮಾಡಬೇಕಿತ್ತು?

ಕಾಫಿಹೂ:
ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸಿದ್ದಾಪುರದ ಹತ್ತಿರ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದರಿಂದ ಮೂರನೇ ಕ್ಲಾಸಿನವರೆಗೆ 19 ಮಕ್ಕಳು, ಎಲ್ಲರೂ ಒಂದೇ ಕೋಣೆಯಲ್ಲಿ. ಜಾಸ್ತಿ ಮಕ್ಕಳು ತೋಟದ ಲೈನ್ ಮನೆಗಳಿಂದ, ಅಂದರೆ ಕೆಲಸಗಾರರ ಸಾಲುಮನೆಗಳಿಂದ ಬರುತ್ತಾರೆ. ಮನೆಯಲ್ಲಿ ಕೆಲವರಿಗೆ ಯರವ ಭಾಷೆ, ಕೆಲವರಿಗೆ ಮಲಯಾಳ, ತಮಿಳು. ಅಸ್ಸಾಮಿನಿಂದ ಬಂದ ಅಕ್ಕ-ತಂಗಿಯೂ ಇದ್ದಾರೆ. ಕನ್ನಡ ಇವರಿಗೆಲ್ಲ ಶಾಲೆಗೆ ಬಂದ ಮೇಲೆ ಸಿಕ್ಕ ಮಾತು.

ಜೂನ್‌ನಿಂದ ದಿನಾ ಬಿಸಿಯೂಟ ಆದ ಮೇಲೆ ಒಂದು ಚಿತ್ರಪುಸ್ತಕ ಓದುತ್ತಿದ್ದೇನೆ. ಕೋಪ ಬಂದಾಗ ಏನು ಮಾಡಬೇಕು, ಇನ್ನೊಬ್ಬರ ನೋವು ಹೇಗೆ ಗೊತ್ತಾಗುತ್ತದೆ, ಇಂಥದ್ದನ್ನು ಕಥೆಯಿಂದ ಹೇಳಿಕೊಡೋಣ ಅಂತ ಆಸೆ. ಆದರೆ ಪುಸ್ತಕ ಮುಚ್ಚಿ "ಏನು ಕಲಿತಿರಿ?" ಅಂದರೆ ಎಲ್ಲರೂ ಒಟ್ಟಿಗೆ "ಸುಳ್ಳು ಹೇಳಬಾರದು ಟೀಚರ್" ಅನ್ನುತ್ತಾರೆ. ಕಥೆಯಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ!

ಹೋದ ವಾರ ನಡೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಅಮ್ಮನಿಂದ ದೂರವಾದ ಮರಿಯಾನೆಯ ಚಿತ್ರ. ಕಣ್ಣಲ್ಲಿ ನೀರು. "ಪಾಪ ಅಲ್ವಾ?" ಅಂದೆ. ಯಾರೂ ಮಾತಾಡಲಿಲ್ಲ. ಮುಂದೆ ಕೂತಿದ್ದ ಎರಡನೇ ಕ್ಲಾಸಿನ ಹುಡುಗ ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡ. "ರಾತ್ರಿ ಬಂದಿತ್ತು" ಅಂದ. ಲೈನ್ ಮನೆ ಹಿಂದಿನ ಹಲಸಿನ ಮರಕ್ಕೆ ಆನೆ ಬಂದಿತ್ತಂತೆ. ಅಪ್ಪ ಲೈಟ್ ಆರಿಸಿ, ಇವನು ಅಳದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟರಂತೆ. ಅದನ್ನು ಹೇಳುವಾಗ ತನ್ನ ಕೈಯನ್ನೂ ಬಾಯಿಯ ಮೇಲೆ ಇಟ್ಟುಕೊಂಡ.

ನಾನು ಗಡಿಬಿಡಿಯಲ್ಲಿ ಪುಟ ತಿರುಗಿಸಿಬಿಟ್ಟೆ. ತಪ್ಪಾಯಿತಾ? ಆನೆ ಪುಸ್ತಕ ತೆಗೆದಿಡಲಾ? ಬೇರೆ ಯಾವ ಪುಸ್ತಕ ಓದಲಿ?

ಮಳೆಹಾದಿ:
ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ನೋಡಿ ಟೀಚರ್. 2015ರಿಂದ ಇದೆ, ಪೂರ್ತಿ ಉಚಿತ. ಕನ್ನಡದ ಕಥೆಗಳು ಬೇಕಾದಷ್ಟಿವೆ, ಓದುವ ಮಟ್ಟಕ್ಕೆ ತಕ್ಕ ಹಾಗೆ ನಾಲ್ಕು ಹಂತ ಮಾಡಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆಯಬಹುದು, ಮಕ್ಕಳ ಮನೆ ಮಾತಿಗೆ ತಿರುಗಿಸಲೂಬಹುದು. ಮಾತೇ ಇಲ್ಲದ, ಬರೀ ಚಿತ್ರದ ಪುಸ್ತಕಗಳೂ ಇವೆ. ನಿಮ್ಮ ಕ್ಲಾಸಿಗೆ ನಾನಾದರೆ ಅದರಿಂದಲೇ ಶುರು ಮಾಡುತ್ತಿದ್ದೆ.

ಹಳೇ ಮೇಷ್ಟ್ರು, ಮಡಿಕೇರಿ:
ಟೀಚರಮ್ಮ, ಪುಸ್ತಕ ತೆಗೆದಿಡಬೇಡಿ. ಆ ಪುಟಕ್ಕೇ ವಾಪಸ್ ಹೋಗಿ.

"ಪಾಪ ಅಲ್ವಾ?" ಅಂತ ಕೇಳಿದರೆ ಉತ್ತರ ಪ್ರಶ್ನೆಯಲ್ಲೇ ಇದೆ. ಮಗುವಿಗೆ ಹೌದು ಅನ್ನುವುದು ಬಿಟ್ಟು ಬೇರೆ ದಾರಿ ಇಲ್ಲ. "ಏನು ಕಲಿತಿರಿ?" ಅನ್ನುವುದೂ ಹಾಗೇ. ನಮ್ಮ ಮಕ್ಕಳು ಎಷ್ಟು ನೀತಿಕಥೆ ಕೇಳಿದ್ದಾರೆ ಅಂದರೆ, ಆ ಪ್ರಶ್ನೆಗೆ ಉತ್ತರ ಬಾಯಲ್ಲೇ ಸಿದ್ಧವಾಗಿರುತ್ತದೆ. "ಇಲ್ಲಿ ಏನು ಕಾಣ್ತಿದೆ?" ಅಂತ ಕೇಳಿ. ಕೇಳಿ ಸುಮ್ನೆ ಇರಿ. ಆ ಸುಮ್ನೆ ಇರುವುದು ನಮಗೆ ತುಂಬಾ ಕಷ್ಟ, ಆದರೆ ಕೆಲಸ ಆಗುವುದು ಅಲ್ಲೇ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡ ಕೆಲವು ಮಕ್ಕಳು ನನ್ನ ಕ್ಲಾಸಿಗೆ ಬಂದರು. "ಹೆದರಿಕೆ ಆಯಿತಾ?" ಅಂದರೆ "ಇಲ್ಲ ಸರ್" ಅನ್ನುತ್ತಿದ್ದರು. ಮಳೆಯ ಚಿತ್ರ ಇದ್ದ ಪುಸ್ತಕ ಹಿಡಿದು "ಇದನ್ನು ನೋಡಿದ್ರೆ ಮೈಯಲ್ಲಿ ಎಲ್ಲಿ ಏನಾಗುತ್ತೆ?" ಅಂದಾಗ ಒಬ್ಬಳು ಹೊಟ್ಟೆ ಮುಟ್ಟಿ ತೋರಿಸಿದಳು. ಇನ್ನೊಬ್ಬ ಗಂಟಲು. ನಮ್ಮ ಭಾಷೆಯಲ್ಲೂ ಹಾಗೇ ಅಲ್ವಾ, ಎದೆ ಢವಢವ ಅನ್ನುತ್ತೆ, ಗಂಟಲು ಕಟ್ಟುತ್ತೆ, ಹೊಟ್ಟೆ ಉರಿಯುತ್ತೆ, ಕೈಕಾಲು ನಡುಗುತ್ತೆ. ಆತಂಕ, ಅನುಭೂತಿ ಅಂತ ಚಾರ್ಟ್ ಬರೆದು ಅಂಟಿಸುವುದಕ್ಕಿಂತ ಇದು ಮಕ್ಕಳಿಗೆ ಬೇಗ ಸಿಗುತ್ತದೆ. ಮನೆ ಭಾಷೆಯಲ್ಲಿ ಹೇಳಿದರೆ ಹೇಳಲಿ. ಅದನ್ನು ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯಿರಿ.

ಮಕ್ಕಳ ಸಾಹಿತ್ಯದ ವಿದ್ವಾಂಸೆ, ಅಮೆರಿಕದ ರುಡೀನ್ ಸಿಮ್ಸ್ ಬಿಷಪ್ ಅನ್ನುವವರು 1990ರಲ್ಲಿ ಬರೆದ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಮಕ್ಕಳ ಪುಸ್ತಕ ಬೇರೆಯವರ ಬದುಕು ತೋರಿಸುವ ಕಿಟಕಿಯೂ ಆಗಬೇಕು, ತಮ್ಮದನ್ನೇ ತೋರಿಸುವ ಕನ್ನಡಿಯೂ ಆಗಬೇಕು ಅಂತ. ಆ ಹುಡುಗ ನಿಮ್ಮ ಪುಟದಲ್ಲಿ ತನ್ನ ಮನೆಯನ್ನೇ ನೋಡಿದ.

ಒಂದು ಎಚ್ಚರಿಕೆ. ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ಹೇಳು ಅನ್ನಬೇಡಿ. ಅವನು ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾನೆ ಅಂತ ಗೊತ್ತಾದರೆ ಮನೆಯವರ ಹತ್ತಿರ ಮಾತಾಡಿ, ಡಾಕ್ಟರಿಗೆ ತೋರಿಸಲು ಹೇಳಿ. ಅಲ್ಲಿಗೆ ಕಥೆ ಸಾಕಾಗುವುದಿಲ್ಲ.

ಇಬ್ಬರ ಅಮ್ಮ:
ನಾನು ಟೀಚರ್ ಅಲ್ಲ, ಆದರೂ ಹೇಳುತ್ತೇನೆ. ದಯವಿಟ್ಟು ಹೆದರಿಕೆ ಬೇಡ ಅಂತ ಹೇಳಿಕೊಡಬೇಡಿ. ಇಲ್ಲಿ ಆ ಹೆದರಿಕೆ ಬೇಕು. ನನ್ನ ಮಗಳು ದುಬಾರೆಯ ಆನೆ ಶಿಬಿರದಲ್ಲಿ ಸಾಕಿದ ಆನೆಗೆ ಸ್ನಾನ ಮಾಡಿಸುವುದನ್ನು ನೋಡಿ ಬಂದು, ತೋಟದ ಆನೆಯನ್ನೂ ಮುಟ್ಟಬಹುದಾ ಅಂದಳು. ನನಗೆ ಮೈ ಜುಂ ಅಂದಿತು. ಮರಿ ಇದ್ದ ಕಡೆ ತಾಯಿ ಹತ್ತಿರದಲ್ಲೇ ಇರುತ್ತದೆ. ಅದನ್ನೂ ಅದೇ ಪುಟದಲ್ಲಿ ಮಾತಾಡಿ ಅಕ್ಕ.

ಕಾಫಿಹೂ:
ಮೇಷ್ಟ್ರೇ, ಗುರುವಾರ ಅದೇ ಪುಟ ತೆಗೆದೆ. "ಏನು ಕಾಣ್ತಿದೆ?" ಅಂದು ಸುಮ್ಮನೆ ಕೂತೆ. ಎಷ್ಟೋ ಹೊತ್ತಾದ ಹಾಗಾಯಿತು. ಆ ಹುಡುಗ ಮುಂದೆ ಬಂದು ಮರಿಯ ಕಿವಿ ಮೇಲೆ ಬೆರಳಿಟ್ಟ. "ಇದಕ್ಕೂ ಹೆದರಿಕೆ" ಅಂದ. ಆಗ ಅಸ್ಸಾಮಿನ ಚಿಕ್ಕ ಹುಡುಗಿ ಕೇಳಿದಳು, "ಇದರ ಅಮ್ಮನೂ ಬಾಯಿ ಮುಚ್ತಾಳಾ?"

ಹೌದಾ ಇಲ್ವಾ ಅಂತ ಅರ್ಧ ಗಂಟೆ ಮಾತಾಡಿದರು. ಮೂರು ನಾಲ್ಕು ಭಾಷೆಯಲ್ಲಿ. ಸೊಂಡಿಲು ಹಾಕಿ ಎಳೆದುಕೊಳ್ಳುತ್ತೆ ಅಂದಳು ಒಬ್ಬಳು. ಅಮ್ಮ ಹತ್ತಿರದಲ್ಲೇ ಇರ್ತಾಳೆ, ನಾವು ಹೋಗಬಾರದು ಅಂತ ಮಕ್ಕಳೇ ಹೇಳಿದರು, ಇಬ್ಬರ ಅಮ್ಮ ಅವರೇ.

ಈಗ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ನಮ್ಮದೇ ಪುಸ್ತಕ ಮಾಡುತ್ತಿದ್ದೇವೆ. ಒಬ್ಬೊಬ್ಬರಿಗೆ ಒಂದು ಪುಟ. ಅವನು ತನ್ನ ಪುಟವನ್ನು ಪೂರ್ತಿ ಕಪ್ಪು ಮಾಡಿದ್ದಾನೆ, ಮೂಲೆಯಲ್ಲಿ ಒಂದು ಕೈ ಮಾತ್ರ ಬಿಳಿ. ಇನ್ನೂ ಮುಗಿದಿಲ್ಲ ಅನ್ನುತ್ತಾನೆ. ಕಪ್ಪು ಕ್ರೆಯಾನ್ ಖಾಲಿ, ನಾಳೆ ಪೇಟೆಯಿಂದ ತರಬೇಕು.