ಪದ ಬೇಕು: ಜೂಡೋದ ‘ಕೇಕೋ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:

ಗೆಳೆಯರೇ, ಒಂದು ಪ್ರದರ್ಶನದ ಫಲಕಕ್ಕೆ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ವಿಷಯ ಜೂಡೋ ಗುರು ಫುಕುದಾ ಕೇಕೋ. 1913ರಲ್ಲಿ ಟೋಕಿಯೋದಲ್ಲಿ ಹುಟ್ಟಿದವರು. ಜೂಡೋ ಕಟ್ಟಿದ ಕಾನೋ ಜಿಗೊರೊಗೆ ಜೂಜುತ್ಸು ಎಂಬ ಹಳೆಯ ಜಪಾನಿ ಮಲ್ಲವಿದ್ಯೆ ಕಲಿಸಿದವರಲ್ಲಿ ಇವರ ಅಜ್ಜನೂ ಒಬ್ಬರು. 1935ರಲ್ಲಿ ಕಾನೋ ಅವರ ಜೂಡೋ ಶಾಲೆ ಕೊಡೋಕನ್ ಸೇರಿ ಅವರ ಹತ್ತಿರವೇ ಕಲಿತರು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದರು. 2013ರಲ್ಲಿ ತೀರಿಕೊಂಡರು, ಕೊನೆಯ ವರ್ಷಗಳವರೆಗೂ ಕಲಿಸುತ್ತಿದ್ದರು.

ತೊಡಕಿನ ಸಾಲು ಇದು: ‘ಅವರ ಬದುಕೆಲ್ಲ ಕೇಕೋ’. ಡೋಜೋದಲ್ಲಿ, ಅಂದರೆ ಜೂಡೋ ಕಲಿಯುವ ಜಾಗದಲ್ಲಿ, ದಿನವೂ ಮಾಡುತ್ತಾರಲ್ಲ, ಅದು. ‘ತರಬೇತಿ’ ಅಂದರೆ ಆರು ತಿಂಗಳಿಗೆ ಮುಗಿಯುವ ಕೋರ್ಸ್ ಅನ್ನಿಸುತ್ತದೆ. ‘ಅಭ್ಯಾಸ’ ಸಪ್ಪೆ. ಸದ್ಯಕ್ಕೆ ‘ಸಾಧನೆ’ ಬರೆದಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1:

‘ಕೇಕೋ’ ಅಂತಲೇ ಬಿಡಿ. ಕರಾಟೆಗೆ ಕನ್ನಡ ಹುಡುಕಿದೆವಾ?

ಉತ್ತರ 2:

ಹಾಗೆ ಬಿಡುವುದು ಸೋಮಾರಿತನ. ‘ಪಳಗಿಕೆ’ ಅನ್ನಿ. ಪಳಗಿದ ಕೈ ಅನ್ನುತ್ತೇವಲ್ಲ, ಅದೇ ಬೇರು. ಈಗ ಯಾರಾದರೂ ಬಂದು ‘ತಾಲೀಮು’ ಅನ್ನುತ್ತಾರೆ. ಅದು ಅರಬ್ಬಿ. ಅಭ್ಯಾಸ, ಸಾಧನೆ ಎರಡೂ ಸಂಸ್ಕೃತ. ನಮ್ಮದು ಇರುವಾಗ ಎರವಲು ಏಕೆ?

ಉತ್ತರ 3:

ಮೊದಲನೆಯದು ಆಗದು. ಆಕೆಯ ಹೆಸರೂ ಕೇಕೋ. ಜಪಾನಿ ಅಕ್ಷರ ಬೇರೆ, ಉಚ್ಚಾರ ಒಂದೇ. ‘ಕೇಕೋ ಅವರ ಬದುಕೆಲ್ಲ ಕೇಕೋ’ ಅಂತ ಓದಿದವರಿಗೆ ಏನು ತಿಳಿಯುತ್ತದೆ?

ಪಳಗಿಕೆಯೂ ಬೇಡ. ಆನೆ ಪಳಗಿತು ಅಂದರೆ ಕೆಲಸ ಆಯ್ತು ಅಂತ. ಕೇಕೋ ಆಗಿಹೋಗುವಂಥದ್ದಲ್ಲ. ಎಂಟನೇ ದಾನ್ (ಜೂಡೋದ ದರ್ಜೆ) ಪಡೆದವರೂ ಮರುದಿನ ಬಂದು ಮಾಡುತ್ತಾರೆ. ಕೊಡೋಕನ್‌ನಲ್ಲಿ ಜನವರಿಯ ಕೊರೆಯುವ ಚಳಿಯಲ್ಲಿ, ಬೆಳಗಿನ ಜಾವ, ‘ಕಂಗೇಕೋ’ ನಡೆಯುತ್ತದೆ. ಹೊಸಬರೂ ಹಳಬರೂ ಅಲ್ಲಿ ಒಂದೇ ತತಾಮಿ ಚಾಪೆಯ ಮೇಲೆ.

‘ಸಾಧನೆ’ಗೆ ನಿಮ್ಮ ಮನಸ್ಸು ಒಪ್ಪದ್ದು ಸರಿಯಾಗಿದೆ. ಸಂಗೀತದವರ ಬಾಯಲ್ಲಿ ಅದಕ್ಕೆ ಇನ್ನೂ ಹಳೆಯ ಅರ್ಥ ಉಳಿದಿದೆ. ಪೇಪರಿನಲ್ಲಿ ಮಾತ್ರ ಸಾಧನೆ ಅಂದರೆ ಪದಕ, ಸನ್ಮಾನ. ಫುಕುದಾ ವಿಷಯದಲ್ಲಿ ಇದು ಅನ್ಯಾಯ. ಅವರಿಗೆ ಐದನೇ ದಾನ್ ಸಿಕ್ಕಿದ್ದು 1953ರಲ್ಲಿ, ಆರನೆಯದು 1972ರಲ್ಲಿ. ಹೆಂಗಸರಿಗೆ ಐದರ ಮೇಲೆ ಕೊಡುವ ಪದ್ಧತಿಯೇ ಇರಲಿಲ್ಲ. ಅಷ್ಟೂ ವರ್ಷ ದರ್ಜೆ ಏರಲಿಲ್ಲ, ಕೇಕೋ ನಿಲ್ಲಲಿಲ್ಲ. ಫಲಕ ಹೇಳಬೇಕಾದದ್ದು ಇದನ್ನೇ ಅಲ್ವಾ?

ನನ್ನ ಓಟು ‘ತಾಲೀಮು’ಗೆ. ಹೌದು, ಅರಬ್ಬಿ. ಅಲ್ಲಿ ಅದಕ್ಕೆ ಕಲಿಸುವುದು ಅಂತ ಅರ್ಥ. ಕನ್ನಡದ ಗರಡಿಗೆ ಬಂದು ಮೈ ಬಗ್ಗಿಸಿ ಮಾಡುವುದಾಯಿತು. ಕಲಿಸುತ್ತಾ ಕಲಿಸುತ್ತಾ ತಾನೂ ಮಾಡುತ್ತಲೇ ಇದ್ದವರ ಬದುಕಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣುತ್ತಿಲ್ಲ.

ಎರವಲು ಅಂತ ತಳ್ಳುವ ಮುಂಚೆ ಜಪಾನಿಯರನ್ನೂ ನೋಡಿ. ‘ಕೇಕೋ’ ಚೀನಾದಿಂದ ಬಂದ ಪದ. ಹಳೆಯದನ್ನು ನೆನೆದು ತೂಗಿ ನೋಡುವುದು ಅಂತ ಅದರ ಮೂಲ. ‘ಡೋಜೋ’ ಇನ್ನೂ ದೂರದ್ದು. ಬುದ್ಧನಿಗೆ ಅರಿವಾದ ಜಾಗಕ್ಕೆ ಸಂಸ್ಕೃತದಲ್ಲಿ ಬೋಧಿಮಂಡ ಅನ್ನುತ್ತಾರೆ. ಚೀನಾದ ಬೌದ್ಧರು ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡರು. ಅದೇ ಜಪಾನಿಗೆ ಹೋಗಿ ಡೋಜೋ ಆಯಿತು. ಅದನ್ನು ಯಾರೂ ಹೊರಗಿನದು ಅನ್ನುವುದಿಲ್ಲ.

ಉತ್ತರ 2ರವರಿಂದ ಮತ್ತೆ:

ಅವರು ತೆಗೆದುಕೊಂಡರು ಅಂತ ನಾವೂ ಬಾಗಿಲು ತೆಗೆದಿಡಬೇಕಿಲ್ಲ. ಕೇಳಿದ್ದು ಕನ್ನಡ ಪದ. ಇನ್ನೊಂದು ಮಾತು: ಇವತ್ತು ತಾಲೀಮು ಅಂದರೆ ನಾಟಕದ ತಾಲೀಮು. ಮುಂದೆ ಪ್ರದರ್ಶನ ಇದೆ, ಅದಕ್ಕೆ ತಯಾರಿ ಅಂತ. ಇದಕ್ಕೆ ಏನು ಹೇಳುತ್ತೀರಿ?

ಉತ್ತರ 3ರವರಿಂದ ಮತ್ತೆ:

ಹಿಂದೆ ‘ಜೂಡೋ’ ಸೇರಿಸಿ, ನಾಟಕ ಅಡ್ಡ ಬರುವುದಿಲ್ಲ. ತಾಲೀಮು ಕನ್ನಡ ಅಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸುಮ್ನೆ ಬೇರು ಎಣಿಸುತ್ತಾ ಕೂತರೆ ಫಲಕ ಖಾಲಿ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ:

‘ಅವರ ಬದುಕೆಲ್ಲ ಜೂಡೋ ತಾಲೀಮು’ ಅಂತ ಕಳಿಸುತ್ತಿದ್ದೇನೆ. 1953, 1972ರ ಮಾತನ್ನೂ ಅದರ ಕೆಳಗೆ ಸೇರಿಸುತ್ತೇನೆ. ‘ಸೆನ್ಸೇ’ಗೆ ‘ಗುರು’ ಅಂತಲೇ ಇದೆ. ಅದಕ್ಕೆ ತಕರಾರಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.